ಹಳೇ ಆಸ್ಪತ್ರೆಯಲ್ಲಿ ಅರ್ಥಶಾಸ್ತ್ರ

ಜೂನ್ 9, 2025, ಸೋಮವಾರ
ಚನ್ನಗಿರಿ

ಇವತ್ತು ಅಧಿಕಾರ ವಹಿಸಿಕೊಂಡೆ. ಹುದ್ದೆಯ ಹೆಸರೇನೋ ದೊಡ್ಡದು: ಸ್ನಾತಕೋತ್ತರ ಕೇಂದ್ರದ ವಿಶೇಷಾಧಿಕಾರಿ. ಕೇಂದ್ರ ಮಾತ್ರ ಇನ್ನೂ ಇಲ್ಲ. ಇರುವುದು ಮಹಾರಾಜರ ಕಾಲದಲ್ಲಿ ಕಟ್ಟಿದ ಒಂದು ಆಸ್ಪತ್ರೆ, ಒಂದು ಗೊಂಚಲು ಬೀಗದ ಕೈ, ಕೂರುವುದಕ್ಕೆ ರೋಗಿಗಳ ಬೆಂಚು. ಆಸ್ಪತ್ರೆ ಊರಾಚೆಯ ಹೊಸ ಕಟ್ಟಡಕ್ಕೆ ಹೋಗಿದೆ. ಹಳೆಯದನ್ನು ನಮ್ಮ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದಾರೆ. ವಾರ್ಡುಗಳನ್ನು ತರಗತಿಗಳಾಗಿ ಮಾಡಿ ಅರ್ಥಶಾಸ್ತ್ರ, ಕನ್ನಡ, ವಾಣಿಜ್ಯ ಈ ಮೂರು ಕೋರ್ಸು ಶುರು ಮಾಡಿಸುವುದು ನನ್ನ ಕೆಲಸ.

ಕುಲಪತಿಗಳು ಮುಚ್ಚುಮರೆ ಮಾಡಲಿಲ್ಲ. "ಸತೀಶ್ ಕುಮಾರ್, ಈ ವರ್ಷವೇ ಪಾಠ ಶುರುವಾಗಲಿ. ಆಮೇಲೆ ಮೌಲ್ಯಮಾಪನ ಕುಲಸಚಿವರ ಹುದ್ದೆಗೆ ನಿಮ್ಮ ಹೆಸರು ಕಳಿಸೋದು ನನ್ನ ಜವಾಬ್ದಾರಿ" ಎಂದರು. ಐವತ್ತು ದಾಟಿದ ಮೇಷ್ಟರಿಗೆ ಇಷ್ಟು ನೇರವಾಗಿ ಯಾರೂ ಮಾತು ಕೊಡುವುದಿಲ್ಲ. ಒಪ್ಪಿಕೊಂಡೆ.

ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಹೆಂಡತಿ ಕಲ್ಪನಾಗೆ ದಾವಣಗೆರೆಯಲ್ಲಿ ಹೈಸ್ಕೂಲಿನ ಕೆಲಸ, ಅವಳು ಅಲ್ಲೇ ಇರುತ್ತಾಳೆ. ಹೊರಡುವಾಗ ಈ ಡೈರಿ ಕೈಗಿಟ್ಟಳು. "ಊಟಕ್ಕೆ ಕುಂತಾಗೆಲ್ಲ ಯೂನಿವರ್ಸಿಟಿ ಬೈತೀರಲ್ಲ, ಅದನ್ನ ಇದರಾಗೆ ಬರೀರಿ. ಫೋನಿನಾಗೆ ನನಗೆ ಬೇರೆ ಏನಾದ್ರೂ ಹೇಳ್ರಿ" ಎಂದಳು.

ಹೇಳುವಂಥದ್ದು ಇನ್ನೂ ಏನೂ ಇಲ್ಲ.

ಜೂನ್ 13, ಶುಕ್ರವಾರ

ಎಂಜಿನಿಯರ್ ಪ್ರವೀಣ್ ಕುಮಾರ್ ಜೊತೆ ಕಟ್ಟಡ ಪೂರ್ತಿ ನೋಡಿದೆ. ಗಟ್ಟಿ ಕಟ್ಟಡ. ಮೊಳದಷ್ಟು ದಪ್ಪದ ಗೋಡೆ, ಮಂಗಳೂರು ಹೆಂಚು, ಮುಂದೆ ಕಲ್ಲುಕಂಬದ ಜಗಲಿ. ಗೋಡೆಯ ಕೆಳಗರ್ಧ ಹಸಿರು, ಮೇಲರ್ಧ ಬಿಳಿ. ಕೆರೆದರೆ ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಸುಣ್ಣ. ಮುಂಭಾಗ ಮುಟ್ಟುವ ಹಾಗಿಲ್ಲ, ಪರಂಪರೆ ಕಟ್ಟಡ. ಒಳಗೆ ನಮ್ಮಿಷ್ಟ. ಗಂಡಸರ ವಾರ್ಡು ಅರ್ಥಶಾಸ್ತ್ರಕ್ಕೆ, ಆಪರೇಷನ್ ಕೋಣೆ ಕಂಪ್ಯೂಟರಿಗೆ, ಹೊರರೋಗಿಗಳ ಹಜಾರ ಕಚೇರಿಗೆ. ಎಲ್ಲಕ್ಕಿಂತ ಒಳ್ಳೆಯ ಕೋಣೆ ಹೆಂಗಸರ ವಾರ್ಡು: ಎರಡೂ ಕಡೆ ಎತ್ತರದ ಕಿಟಕಿ, ಧಾರಾಳ ಬೆಳಕು. ಅದು ಗ್ರಂಥಾಲಯ.

ಅಲ್ಲೇ ತೊಡಕು. ಆ ವಾರ್ಡಿನಲ್ಲಿ ಡಯಾಲಿಸಿಸ್ ಘಟಕ ಇನ್ನೂ ನಡೆಯುತ್ತಿದೆ. ಹೊಸ ಆಸ್ಪತ್ರೆಯಲ್ಲಿ ಆ ಯಂತ್ರಗಳಿಗೆ ಬೇಕಾದ ನೀರು ಶುದ್ಧ ಮಾಡುವ ಘಟಕ ಮುಗಿದಿಲ್ಲವಂತೆ. ಯಂತ್ರ ನಾಲ್ಕು, ಅದರಲ್ಲಿ ಒಂದು ಕೆಟ್ಟಿದೆ. ನೋಡಿಕೊಳ್ಳುವವಳು ಸುಧಾ ಎಂಬ ತಂತ್ರಜ್ಞೆ. ಜಗಳೂರು ಕಡೆಯವಳು, ಗುತ್ತಿಗೆ ನೌಕರಿ. ನನ್ನ ಚಪ್ಪಲಿ ಹೊರಗೆ ಬಿಡಿಸಿದ ಮೇಲೆಯೇ ಮಾತಾಡಿದಳು.

"ಯಾವಾಗ ಖಾಲಿ ಮಾಡ್ತೀರಿ?" ಎಂದೆ.

"ಅಲ್ಲಿ ನೀರು ಬಂದ ದಿನ ಸರ್."

"ಯಾವಾಗ ಬರುತ್ತೆ?"

"ಅದನ್ನ ನಿಮ್ಮಂಥ ದೊಡ್ಡೋರು ಕೇಳಬೇಕು. ನಮಗ್ಯಾರು ಹೇಳ್ತಾರೆ?"

ಸಂಜೆಯೇ ಆರೋಗ್ಯ ಇಲಾಖೆಗೆ ಪತ್ರ ಕಳಿಸಿದೆ. ಕೂಡಲೇ ತೆರವು ಮಾಡಿಕೊಡಬೇಕೆಂದು ಕೋರಿದ್ದೇನೆ.

ಜೂನ್ 26, ಗುರುವಾರ

ಎರಡನೇ ಪತ್ರ ಕಳಿಸಿದೆ. ಉತ್ತರ ಇಲ್ಲ.

ನನ್ನ ಕುರ್ಚಿ ಹಾಕಿರುವುದು ಜಗಲಿಯ ತುದಿಯಲ್ಲಿ. ಸೋಮವಾರ, ಗುರುವಾರ ಡಯಾಲಿಸಿಸ್‌ನವರೂ ಅಲ್ಲೇ ಸರದಿಗೆ ಕೂರುತ್ತಾರೆ. ಇವತ್ತು ಒಬ್ಬರು ಎದ್ದು ಬಂದು ನನ್ನೆದುರು ನಿಂತರು. ಸಾಸ್ವೆಹಳ್ಳಿಯ ಉಚ್ಚಂಗೆಪ್ಪ. ಹೊನ್ನಾಳಿ ದಾರಿಯಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವರಂತೆ. ಈಗಲೂ ಬಾಗಿಲಲ್ಲಿ ನಿಂತು ಹತ್ತಿಸಿಕೊಳ್ಳುವವರ ಗಂಟಲು.

"ಸಾಹೇಬ್ರೆ, ಇಲ್ಲಿ ಏನು ಕಲಿಸ್ತೀರಿ?"

"ಎಂ.ಎ. ಅರ್ಥಶಾಸ್ತ್ರ."

"ಅಂದ್ರೆ ಲೆಕ್ಕವಾ?"

"ಹೆಚ್ಚುಕಡಿಮೆ."

"ಹಂಗಾದ್ರೆ ಈ ಹುಡುಗೀನ ಸೇರಿಸ್ಕಳ್ರಿ. ಡಿಗ್ರಿ ಮುಗಿಸ್ಕಂಡು ಅವ್ವನ ಜೊತೆ ಬೆಂಚು ಕಾಯ್ತಾಳೆ" ಎಂದು ಪಕ್ಕದಲ್ಲಿದ್ದ ಹುಡುಗಿಯನ್ನು ತೋರಿಸಿದರು. ಅವಳು ನಾಚಿಕೊಳ್ಳಲಿಲ್ಲ, ಎದ್ದು ಬಂದಳು. ಹೆಸರು ಸಂಧ್ಯಾರಾಣಿ, ಬಸವಾಪಟ್ಟಣ. ತಾಯಿ ಕಸ್ತೂರಮ್ಮ ಒಳಗೆ ಯಂತ್ರದ ಮೇಲಿದ್ದರು. ಶಿವಮೊಗ್ಗದಲ್ಲಿ ಎಂ.ಎ. ಸೀಟು ಸಿಕ್ಕಿತ್ತಂತೆ. ವಾರಕ್ಕೆ ಎರಡು ದಿನ ತಾಯಿಯನ್ನು ಕರೆತರುವವರು ಬೇರೆ ಯಾರೂ ಇಲ್ಲವಾದ್ದರಿಂದ ಹೋಗಲಿಲ್ಲವಂತೆ.

"ಸರ್, ಅರ್ಜಿ ಯಾವಾಗ ಕೊಡ್ತೀರಿ?" ಎಂದಳು.

ಪ್ರಕಟಣೆ ನೋಡುತ್ತಿರಮ್ಮ ಎಂದೆ. ಗ್ರಂಥಾಲಯ ಇಲ್ಲದಿದ್ದರೆ ಪರಿಶೀಲನಾ ಸಮಿತಿ ಕೋರ್ಸುಗಳಿಗೆ ಒಪ್ಪುವುದಿಲ್ಲ, ಇವಳ ತಾಯಿ ಏಳದಿದ್ದರೆ ಗ್ರಂಥಾಲಯ ಆಗುವುದಿಲ್ಲ. ಇದನ್ನು ಅವಳಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಜುಲೈ 10, ಗುರುವಾರ

ಕೆಲಸ ಬಿರುಸಾಗಿದೆ. ಗಂಡಸರ ವಾರ್ಡಿನ ನೆಲ ಕೀಳುತ್ತಿದ್ದಾರೆ. ಸುಧಾ ಬಂದು ಮೇಸ್ತ್ರಿಯ ಜೊತೆ ಜಗಳ ಆಡಿದಳು. "ಒಂದು ಚಿಟಿಕೆ ಧೂಳು ನನ್ನ ಬಾಗಿಲಿಗೆ ಬಂದ್ರೂ ನಿಮ್ಮ ಮಷಿನ್ನಿನ ವೈರು ಕಿತ್ತು ಬಿಸಾಕ್ತೀನಿ" ಎಂದಳು. ಒದ್ದೆ ಗೋಣಿಚೀಲ ಕಟ್ಟಿಸಿ ಸಮಾಧಾನ ಮಾಡಿದೆ. ಅರ್ಧ ದಿನ ಹಾಳು.

ಕಸ್ತೂರಮ್ಮ ಹೋಗುವಾಗ ನಿಂತು, "ನಮ್ಮಿಂದ ನಿಮಗೆ ತ್ರಾಸ ಆತೇನ್ರಿ ಸರ್?" ಎಂದರು. ಇಲ್ಲ ಎಂದೆ. ಸೌಜನ್ಯಕ್ಕೆ.

ಜುಲೈ 24, ಗುರುವಾರ

ನಡೆದದ್ದನ್ನು ಕ್ರಮವಾಗಿ ಬರೆದಿಡುತ್ತೇನೆ.

ಶೌಚಾಲಯದ ಪೈಪಿಗೆಂದು ಹಿತ್ತಲಲ್ಲಿ ಅಗೆಯುತ್ತಿದ್ದರು. ಬೇಗ ಮುಗಿಸಿ ಎಂದು ಬೆಳಿಗ್ಗೆ ನಾನೇ ಹೇಳಿದ್ದೆ. ಹಾರೆ ನೆಲದಡಿಯ ವಿದ್ಯುತ್ ಕೇಬಲ್ಲಿಗೆ ಬಿತ್ತು. ಅಗೆಯುತ್ತಿದ್ದವನಿಗೆ ಏನೂ ಆಗಲಿಲ್ಲ. ಕಟ್ಟಡದ ವಿದ್ಯುತ್ ಪೂರ್ತಿ ಹೋಯಿತು. ಜನರೇಟರ್ ಮೊದಲೇ ಹೊಸ ಆಸ್ಪತ್ರೆ ಸೇರಿದೆ. ಯಂತ್ರಗಳೊಳಗೆ ಬ್ಯಾಟರಿ ಇರುತ್ತದಂತೆ, ಇವು ಹಳೆಯವು, ಚಾರ್ಜು ನಿಲ್ಲಲಿಲ್ಲ.

ಸುಧಾ ಬಾಗಿಲಿಗೆ ಬಂದು ಕೂಗಿದಳು: "ಸರ್, ಕೈ ತೊಳ್ಕಂಡು ಬರ್ರಿ! ಬೇಗ!"

ಮೂರು ಜನ ಯಂತ್ರದ ಮೇಲಿದ್ದರು. ಮೈಯ ರಕ್ತ ಹೊರಗಿನ ಕೊಳವೆಗಳಲ್ಲಿತ್ತು. ಪಂಪು ನಿಂತರೆ ಅದು ಅಲ್ಲೇ ಹೆಪ್ಪುಗಟ್ಟುತ್ತದೆ, ಅಷ್ಟೂ ರಕ್ತ ಹೋದಂತೆ. ಪಂಪಿಗೆ ಕೈಯಿಂದ ತಿರುಗಿಸುವ ಹಿಡಿ ಒಂದಿದೆ. ಒಂದನ್ನು ಸುಧಾ ಹಿಡಿದಳು. ಕಸ್ತೂರಮ್ಮನದನ್ನು ಸಂಧ್ಯಾರಾಣಿ ಆಗಲೇ ತಿರುಗಿಸುತ್ತಿದ್ದಳು. ಉಚ್ಚಂಗೆಪ್ಪನವರದ್ದು ನನ್ನ ಪಾಲಿಗೆ ಬಂತು.

"ಒಂದೇ ಸಮ ತಿರುಗಿಸ್ರಿ. ಅವಸರ ಬ್ಯಾಡ, ನಿಲ್ಲಿಸಾಕೂ ಬ್ಯಾಡ" ಎಂದಳು ಸುಧಾ.

ತಿರುಗಿಸಿದೆ. ಕೆಂಪಗೆ ಕೊಳವೆಯಲ್ಲಿ ಹೋಗುವುದು ಕಾಣುತ್ತಿತ್ತು. ಬೇರೆಲ್ಲಿಯಾದರೂ ನೋಡೋಣವೆಂದರೆ ಆ ಮನುಷ್ಯನ ಮುಖ. ತುಟಿ ಬಿಳಿಚಿತ್ತು. ಆದರೂ ಅವರು, "ಸಾಹೇಬ್ರೆ, ಹ್ಯಾಂಡಲ್ ಹೊಡೆದು ಬಸ್ ಚಾಲು ಮಾಡ್ತಿದ್ದ ಕಾಲದಾಗೆ ನೀವು ನಮ್ಮ ಗಾಡೀಲಿ ಕ್ಲೀನರ್ ಆಗಬೌದಿತ್ತು" ಎಂದರು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಮೂವರ ರಕ್ತವನ್ನೂ ಮೈಗೆ ಸೇರಿಸಿ, ಸೂಜಿ ತೆಗೆದ ಮೇಲೆ ಸುಧಾ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು.

ಮಧ್ಯಾಹ್ನ ಇಲಾಖೆಯವರು ಬಂದರು. ತಂತಿಯೆಲ್ಲ ಹೊಸದಾಗಿ ಎಳೆದು ಪರೀಕ್ಷೆ ಮಾಡುವ ತನಕ ಘಟಕ ಬಂದ್. ಅಲ್ಲಿಯವರೆಗೆ ಎಲ್ಲರೂ ದಾವಣಗೆರೆಗೆ ಹೋಗಬೇಕು.

ಬಲಗೈ ಭುಜ ನೋಯುತ್ತಿದೆ. ಕಲ್ಪನಾಗೆ ಫೋನ್ ಮಾಡಿದೆ, ಕರೆಂಟು ಹೋಗಿತ್ತು ಎಂದಷ್ಟೇ ಹೇಳಿದೆ.

ಜುಲೈ 28, ಸೋಮವಾರ

ಜಗಲಿ ಖಾಲಿ. ಕೆಲಸಕ್ಕೆ ಅಡ್ಡಿಯಿಲ್ಲ.

ಆಗಸ್ಟ್ 4, ಸೋಮವಾರ

ಉಚ್ಚಂಗೆಪ್ಪ ಶನಿವಾರ ತೀರಿಕೊಂಡರಂತೆ. ಸುಧಾ ಹೇಳಿದಳು. ದಾವಣಗೆರೆಗೆ ಒಂದು ಸಲ ಹೋಗಿ ಬಂದರು. ಎರಡು ಬಸ್ಸು ಬದಲಿಸಬೇಕು, ಅಲ್ಲಿ ಸರದಿಗೆ ಸಂಜೆಯವರೆಗೆ ಕಾಯಬೇಕು. ಎರಡನೇ ಸಲ ಹೋಗಲಿಲ್ಲ. "ಮುಂದಿನ ವಾರ ಚನ್ನಗಿರ್ಯಾಗೇ ಶುರುವಾಗ್ತೈತೆ, ಅಲ್ಲಿಗಂಟ ತಡೀತೀನಿ" ಅಂದರಂತೆ. ಉಸಿರು ಕಟ್ಟಿ, ಕಾರು ತರಿಸುವಷ್ಟರಲ್ಲಿ ಹೋದರಂತೆ.

ಎಂಜಿನಿಯರ್ ಹೊಸ ತಂತಿಯ ಕೆಲಸ ಮುಗಿಯಿತೆಂದು ವರದಿ ಮಾಡಿದ. ಘಟಕ ನಾಳೆಯಿಂದ ಮತ್ತೆ ಶುರು.

ಆಗಸ್ಟ್ 8, ಶುಕ್ರವಾರ

ಹೊನ್ನಾಳಿ ಕಾಲೇಜಿನಲ್ಲಿ ಪ್ರವೇಶದ ಪ್ರಚಾರಕ್ಕೆ ಹೋಗುವುದಿತ್ತು, ನ್ಯಾಮತಿಗೂ ಹೋಗಿ ಬಂದೆ. ಬರುವಾಗ ಸಾಸ್ವೆಹಳ್ಳಿಯ ಮೇಲೆ ಬಂದೆ. ದಾರಿ ಸ್ವಲ್ಪ ಸುತ್ತು. ರಸ್ತೆ ಚೆನ್ನಾಗಿದೆ ಎಂದು ಡ್ರೈವರಿಗೆ ಹೇಳಿದೆ. ಚೆನ್ನಾಗಿರಲಿಲ್ಲ.

ಉಚ್ಚಂಗೆಪ್ಪನವರ ಮನೆ ಕೇಳಿದರೆ ಎಲ್ಲರೂ ತೋರಿಸುತ್ತಾರೆ. ಅವರ ಹೆಂಡತಿ ದುರುಗಕ್ಕ ಚಾಪೆ ಹಾಸಿದರು. ನಾನು ಯಾರೆಂದು ಹೇಳಿದೆ.

"ಓ, ನೀವೇನ್ರಿ? ಹಿಡಿ ತಿರುಗಿಸಿದೋರು? ಸಾಹೇಬ್ರು ಬೆವರು ಸುರಿಸ್ಕಂಡು ತಿರುಗಿಸಿದ್ರು ಅಂತ ಊರೆಲ್ಲ ಹೇಳ್ಕಂಡು ಬಂದ್ರು" ಎಂದರು. ಆಮೇಲೆ, "ಆ ತಂತಿ ಕಡಿದೋರು ಯಾರ್ರಿ?" ಎಂದು ಕೇಳಿದರು.

ಗುತ್ತಿಗೆದಾರನ ಕೆಲಸದವನು, ಗೊತ್ತಿಲ್ಲದೆ ಆಯಿತು ಎಂದೆ.

"ಅವನಿಗೇನೂ ಆಗಲಿಲ್ಲಲ್ಲ?"

"ಇಲ್ಲ."

"ಅಷ್ಟಾತು ಬಿಡ್ರಿ."

ಚಹಾ ಕುಡಿದು ಬಂದೆ. ಹೊನ್ನಾಳಿಯಲ್ಲಿ ವಿದ್ಯಾರ್ಥಿಗಳ ಆಸಕ್ತಿ ಸಾಧಾರಣ.

ಆಗಸ್ಟ್ 19, ಮಂಗಳವಾರ

ನನ್ನ ಜೂನ್ ತಿಂಗಳ ಪತ್ರಗಳಿಗೆ ಫಲ ಬಂದಿದೆ. ಈ ತಿಂಗಳ ಕೊನೆಗೆ ಘಟಕ ತೆರವು. ಯಂತ್ರಗಳನ್ನು ಗೋದಾಮಿಗೆ ಸಾಗಿಸುತ್ತಾರೆ, ಹೊಸ ಆಸ್ಪತ್ರೆಯಲ್ಲಿ ನೀರಿನ ವ್ಯವಸ್ಥೆ ಆಗುವವರೆಗೆ ರೋಗಿಗಳು ದಾವಣಗೆರೆಗೆ ಹೋಗಬೇಕು. ಎಷ್ಟು ಕಾಲವೆಂದು ಯಾರೂ ಹೇಳುವುದಿಲ್ಲ.

ಕುಲಪತಿಗಳು ಫೋನಿನಲ್ಲಿ ಅಭಿನಂದಿಸಿದರು.

ಸಂಧ್ಯಾರಾಣಿ ಹೋದ ವಾರ ಎಂ.ಎ.ಗೆ ಹಾಕಿದ್ದ ಅರ್ಜಿಯನ್ನು ವಾಪಸು ಕೇಳಲು ಬಂದಿದ್ದಳು. "ಅವ್ವನ್ನ ಕರ್ಕಂಡು ದಾವಣಗೆರೆಗೆ ಹೋದ್ರೆ ಎರಡು ದಿನ ಪೂರ್ತಿ ಹೋಗ್ತವೆ ಸರ್. ಹಾಜರಿ ಎಲ್ಲಿಂದ ತರಲಿ? ನನ್ನ ಸೀಟು ಬೇರೆ ಯಾರಿಗಾದ್ರೂ ಕೊಡ್ರಿ, ಸುಮ್ಮನೆ ಯಾಕೆ ಹಾಳು ಮಾಡಾಕೆ."

ಅಳಲಿಲ್ಲ. ಅತ್ತಿದ್ದರೆ ಏನಾದರೂ ಸಮಾಧಾನ ಹೇಳಿ ಕಳಿಸಬಹುದಿತ್ತು. ಅರ್ಜಿ ದಾವಣಗೆರೆಯ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿದೆ ಎಂದೆ. ಹೋಗಿರಲಿಲ್ಲ, ಮೇಜಿನ ಮೇಲೇ ಇತ್ತು.

ಆಗಸ್ಟ್ 21, ಗುರುವಾರ

ಪ್ರವೀಣ್ ಕುಮಾರ್‌ನನ್ನು ಕರೆಸಿ, ಗ್ರಂಥಾಲಯವನ್ನು ಹೊರರೋಗಿಗಳ ಹಜಾರದಲ್ಲಿ ಮಾಡಿದರೆ ಹೇಗೆ ಎಂದು ಕೇಳಿದೆ.

"ಚಿಕ್ಕದಾಗ್ತೈತೆ ಸರ್. ಕಚೇರಿ ಎಲ್ಲಿ ಮಾಡ್ತೀರಿ?"

"ಎಕ್ಸ್‌ರೇ ಕೋಣೆ ಇದೆಯಲ್ಲ."

"ಅದಕ್ಕೆ ಕಿಟಕಿನೇ ಇಲ್ಲ. ನೀವು ಅದರಾಗೆ ಕೂರ್ತೀರಾ?"

"ಕೂತರೆ ಏನಾಗುತ್ತೆ?"

ಅವನಿಗೆ ನಕ್ಷೆ ಬರೆದು ತೋರಿಸಿದೆ. ಹೆಂಗಸರ ವಾರ್ಡಿಗೂ ಅರ್ಥಶಾಸ್ತ್ರದ ತರಗತಿಗೂ ಮಧ್ಯೆ ಒಂದು ಬಾಗಿಲಿದೆ, ಅದನ್ನು ಗೋಡೆ ಕಟ್ಟಿ ಮುಚ್ಚುವುದು. ಘಟಕಕ್ಕೆ ಹಿಂದಿನ ಓಣಿಯಿಂದ ಬೇರೆ ಗೇಟು ಇಡುವುದು. ಹೀಗೆ ಕಟ್ಟಡವನ್ನು ಇಬ್ಬರೂ ಹಂಚಿಕೊಳ್ಳಬಹುದು. ಇದು ಕೇವಲ ತಾಂತ್ರಿಕ ಸಾಧ್ಯತೆ, ನೋಡಿಟ್ಟರೆ ತಪ್ಪಿಲ್ಲ ಎಂದು ಅವನಿಗೆ ಹೇಳಿದೆ.

ಆಗಸ್ಟ್ 25, ಸೋಮವಾರ

ಆರೋಗ್ಯ ಇಲಾಖೆಯ ಅಧಿಕಾರಿಯನ್ನು ಕಂಡು ತೆರವಿನ ಕೋರಿಕೆ ವಾಪಸು ಪಡೆದೆ.

"ಸರ್, ಹೋಗಿ ಅಂದೋರೂ ನೀವೇ, ಇರ್ರಿ ಅನ್ನೋರೂ ನೀವೇ. ನಾವು ಯಾವ ಮಾತು ನಂಬಬೇಕು?" ಎಂದರು.

"ಎರಡನೇದು."

ಅವರು ನಗಾಡಿದರು. ಅವರಿಗೂ ಯಂತ್ರ ಗೋದಾಮಿಗೆ ಕಳಿಸುವ ಇಷ್ಟವಿರಲಿಲ್ಲ ಅನ್ನಿಸುತ್ತದೆ.

ಕುಲಪತಿಗಳಿಗೆ ನಾನೇ ಫೋನ್ ಮಾಡಿದೆ, ಬೇರೆಯವರಿಂದ ತಿಳಿಯುವುದು ಬೇಡವೆಂದು. "ಕಟ್ಟಡ ಪೂರ್ತಿ ನಮ್ಮದಾಗದೆ ಸಮಿತಿ ಒಪ್ಪುತ್ತೆ ಅಂದುಕೊಂಡಿದೀರಾ?" ಎಂದರು.

"ಒಪ್ಪದೆಯೂ ಇರಬಹುದು ಸರ್."

"ಒಪ್ಪದಿದ್ದರೆ ಮೂರು ಕೋರ್ಸೂ ಹೋಗ್ತವೆ. ಈ ತಾಲೂಕಿನ ಮಕ್ಕಳ ಒಂದು ವರ್ಷ. ಅದು ನಿಮ್ಮ ತಲೆ ಮೇಲೆ."

ಹೌದು ಎಂದೆ. ಅದು ನಿಜವೂ ಹೌದು.

"ನಿಮಗೆ ಏನಾಗಿದೆ ಸತೀಶ್ ಕುಮಾರ್?" ಎಂದು ಕೇಳಿ ಫೋನ್ ಇಟ್ಟರು. ಏನೂ ಆಗಿಲ್ಲ. ರಕ್ತದೊತ್ತಡ ಕೂಡ ಸರಿಯಾಗಿದೆ, ಸುಧಾ ನೋಡಿದಳು.

ಸೆಪ್ಟೆಂಬರ್ 7, ಭಾನುವಾರ

ಕಲ್ಪನಾ ಬಂದಿದ್ದಳು. ಕೇಂದ್ರ ತೋರಿಸಿದೆ. ಅರ್ಥಶಾಸ್ತ್ರದ ತರಗತಿಗೆ ಬಿಳಿ ಸುಣ್ಣ ಹೊಡೆದಿದ್ದಾರೆ. ಎಕ್ಸ್‌ರೇ ಕೋಣೆಯಲ್ಲಿ ನನ್ನ ಮೇಜು ನೋಡಿ ನಕ್ಕಳು. ಜಗಲಿಯಲ್ಲಿ ನಡೆಯುತ್ತಾ ನಾನು ಕಸ್ತೂರಮ್ಮನ ಉಪ್ಪಿಲ್ಲದ ಊಟದ ಗೋಳು, ಸುಧಾಳ ಗುತ್ತಿಗೆ ಇನ್ನೂ ನವೀಕರಣ ಆಗದಿರುವುದು ಎಲ್ಲ ಹೇಳುತ್ತಿದ್ದೆನಂತೆ.

"ಅಲ್ಲ ಕಣ್ರಿ, ಬೆಳಿಗ್ಗಿಂದ ನೀವು ಯೂನಿವರ್ಸಿಟಿ ಸುದ್ದಿನೇ ಎತ್ತಿಲ್ಲ" ಎಂದಳು.

ಡೈರಿಯಲ್ಲಿ ಬರೆಯುತ್ತಿದ್ದೇನಲ್ಲ, ಅದಕ್ಕೇ ಇರಬೇಕು ಎಂದೆ.

ಸೆಪ್ಟೆಂಬರ್ 18, ಗುರುವಾರ

ಸಮಿತಿ ಬಂದು ಹೋಯಿತು. ಅಧ್ಯಕ್ಷೆ ಹೇಮಾವತಿಯವರು, ಬೇರೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ, ನಿವೃತ್ತಿಗೆ ಹತ್ತಿರ. ಗ್ರಂಥಾಲಯ ನೋಡಿ, "ಇದು ಸಾಲುವುದಿಲ್ಲ" ಎಂದರು. ಹೊಸ ಗೋಡೆಯನ್ನು ಬೆರಳಿನಿಂದ ತಟ್ಟಿ, "ಇದರಾಚೆ ಏನಿದೆ?" ಎಂದರು.

ಚಪ್ಪಲಿ ಬಿಡಿಸಿ, ಓಣಿಯ ಗೇಟಿನಿಂದ ಕರೆದುಕೊಂಡು ಹೋದೆ. ಮೂರು ಹಾಸಿಗೆಯಲ್ಲೂ ಜನ ಇದ್ದರು. ಕಸ್ತೂರಮ್ಮ ಏಳಲು ಹೋದರು, ಸುಧಾ ತಡೆದಳು.

"ಮಲಗಿರಮ್ಮ" ಎಂದರು ಹೇಮಾವತಿ. ಆಮೇಲೆ ನನ್ನ ಕಡೆ ತಿರುಗಿ, "ಇವರನ್ನು ಇಲ್ಲಿ ಯಾಕೆ ಉಳಿಸಿಕೊಂಡಿರಿ? ಕರುಣೆಯಿಂದ ಅನ್ನಬೇಡಿ. ಆಡಳಿತಾತ್ಮಕ ಕಾರಣ ಹೇಳಿ" ಎಂದರು.

ಸಿದ್ಧ ಮಾಡಿಕೊಂಡ ಮಾತುಗಳಿದ್ದವು. ಅವನ್ನು ಬಿಟ್ಟು, "ಘಟಕ ಮುಚ್ಚಿದ್ದಾಗ ಒಬ್ಬರು ತೀರಿಕೊಂಡರು. ಸಾಸ್ವೆಹಳ್ಳಿಯವರು. ಅವರ ಹೆಸರು ಉಚ್ಚಂಗೆಪ್ಪ" ಎಂದೆ. ಇಷ್ಟೇ ಹೇಳಿದ್ದು. ಇದು ಆಡಳಿತಾತ್ಮಕ ಕಾರಣ ಹೌದೋ ಅಲ್ಲವೋ ತಿಳಿಯದು.

ಸಂಧ್ಯಾರಾಣಿ ತಾಯಿಯ ಕಾಲ ಬಳಿ ಪುಸ್ತಕ ಹಿಡಿದು ಕೂತಿದ್ದಳು. ಹೇಮಾವತಿ ಅವಳನ್ನು, "ನೀನು ಯಾರಮ್ಮ?" ಎಂದು ಕೇಳಿದರು.

"ಇವರ ಮಗಳು. ಗೋಡೆ ಆ ಕಡೆ ಸ್ಟೂಡೆಂಟು, ನೀವು ಒಪ್ಪಿದ್ರೆ" ಎಂದಳು.

ಹೊರಡುವಾಗ ಅವರು ಯಾವ ಸೂಚನೆಯನ್ನೂ ಕೊಡಲಿಲ್ಲ.

ಅಕ್ಟೋಬರ್ 6, ಸೋಮವಾರ

ಅರ್ಥಶಾಸ್ತ್ರ, ಕನ್ನಡ ಎರಡಕ್ಕೆ ಅನುಮತಿ ಬಂದಿದೆ. ವಾಣಿಜ್ಯಕ್ಕೆ ಇಲ್ಲ, ಗ್ರಂಥಾಲಯ ಚಿಕ್ಕದೆಂದು ಕಾರಣ ಕೊಟ್ಟಿದ್ದಾರೆ. ಎಂ.ಕಾಂ.ಗೆ ಅರ್ಜಿ ಹಾಕಿದ್ದವರಿಗೆಲ್ಲ ನಾನೇ ಫೋನ್ ಮಾಡಿ ಹೇಳಿದೆ. ಒಬ್ಬ ಹುಡುಗ, ನ್ಯಾಮತಿಯವನು, "ನಿಮ್ಮ ಮಾತು ನಂಬಿ ಬೇರೆಲ್ಲೂ ಹಾಕಿರಲಿಲ್ಲ ಸರ್" ಎಂದ. ಅವನ ಸಿಟ್ಟು ನ್ಯಾಯವಾದದ್ದು. ಶಿವಮೊಗ್ಗದಲ್ಲಿ ಸೀಟು ಖಾಲಿ ಇದೆಯೇ ಎಂದು ವಿಚಾರಿಸುತ್ತಿದ್ದೇನೆ.

ಅಕ್ಟೋಬರ್ 15, ಬುಧವಾರ

ನ್ಯಾಮತಿಯ ಹುಡುಗನಿಗೆ ಶಿವಮೊಗ್ಗದಲ್ಲಿ ಸೀಟು ಸಿಕ್ಕಿತು.

ಮೌಲ್ಯಮಾಪನ ಕುಲಸಚಿವರ ಹುದ್ದೆಗೆ ಬೇರೆಯವರ ನೇಮಕವಾಗಿದೆ. ನನ್ನನ್ನು ಇಲ್ಲೇ ಮುಂದುವರಿಸಿದ್ದಾರೆ. ಕಲ್ಪನಾ ಫೋನಿನಲ್ಲಿ, "ಬ್ಯಾಸರ ಆತಾ?" ಎಂದಳು. ಸ್ವಲ್ಪ ಆಯಿತು, ಮಧ್ಯಾಹ್ನದವರೆಗೆ. ಆಮೇಲೆ ಗ್ರಂಥಾಲಯದ ಕಪಾಟುಗಳು ಬಂದವು.

ನವೆಂಬರ್ 10, ಸೋಮವಾರ

ಪಾಠ ಶುರುವಾಯಿತು. ಅತಿಥಿ ಉಪನ್ಯಾಸಕರು ಇನ್ನೂ ಬಂದಿಲ್ಲವಾದ್ದರಿಂದ ಮೊದಲ ತರಗತಿ ನಾನೇ ತೆಗೆದುಕೊಂಡೆ. ವರ್ಷಗಳ ನಂತರ ಸೀಮೆಸುಣ್ಣ ಹಿಡಿದದ್ದು. ಎತ್ತರದ ಮಾಡು, ಮಾತು ತಾನಾಗಿ ದೊಡ್ಡದಾಗಿ ಕೇಳುತ್ತದೆ. ಸಂಧ್ಯಾರಾಣಿ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು.

ಬೇಡಿಕೆ ಎಂದರೇನು ಎಂದು ಹೇಳುತ್ತಿದ್ದೆ. ಬೇಕು ಅನ್ನಿಸಿದರೆ ಸಾಲದು, ಕೊಳ್ಳುವ ಶಕ್ತಿಯೂ ಇದ್ದರೆ ಮಾತ್ರ ಅದಕ್ಕೆ ನಮ್ಮ ಶಾಸ್ತ್ರದಲ್ಲಿ ಬೇಡಿಕೆ ಎನ್ನುತ್ತಾರೆ. ಎಷ್ಟೋ ವರ್ಷ ಹೇಳಿದ ವಾಕ್ಯ. ಇವತ್ತು ಹೇಳಿ, ಯಾಕೋ ನಿಂತೆ. ಮುಂದಿನ ವಾಕ್ಯ ನೆನಪಾಗುವಷ್ಟರಲ್ಲಿ ಗೋಡೆಯಾಚೆ ಯಂತ್ರ ಕೂಗಿಕೊಂಡಿತು. ಬಿಟ್ಟು ಬಿಟ್ಟು, ಜೋರಾಗಿ. ಹುಡುಗರು ಗಾಬರಿಯಿಂದ ಆ ಕಡೆ ನೋಡಿದರು. ನಾನು ಸೀಮೆಸುಣ್ಣ ಇಟ್ಟು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದ್ದೆ.

"ಅದು ನಮ್ಮವ್ವಂದು ಸರ್" ಎಂದಳು ಸಂಧ್ಯಾರಾಣಿ, ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ. "ಕೈ ಅಲ್ಲಾಡಿಸಿರ್ತಾಳೆ. ಸುಧಕ್ಕ ನೋಡ್ಕಂತಾಳೆ. ನೀವು ಹೇಳ್ರಿ."

ಸ್ವಲ್ಪ ಹೊತ್ತಿಗೆ ಯಂತ್ರ ಸುಮ್ಮನಾಯಿತು. ನಾನು ಹೇಳಿದೆ.